ಪ್ರಶ್ನೆ ನಾಲ್ಕು: ಎಷ್ಟು ಜನ ಮಕ್ಕಳು?

ಸಂಜೆ ಕಾಲೇಜಿನ ಮೊದಲ ವರ್ಷದ ತರಗತಿಯಲ್ಲಿ ಮೂವತ್ತೆಂಟು ಜನರಿದ್ದರು. ಅವರಲ್ಲಿ ಮೂವತ್ತೇಳು ಜನ ಉಳಿದ ಒಬ್ಬಳನ್ನು ಅಕ್ಕ ಎನ್ನುತ್ತಿದ್ದರು. "ಅಕ್ಕ, ಪೆನ್ ಇದೆಯಾ?" "ಅಕ್ಕ, ನಿನ್ನೆ ನೋಟ್ಸ್ ಸ್ವಲ್ಪ ಕೊಡಿ." ನಲವತ್ತೈದು ವರ್ಷದ ಹೆಂಗಸು, ಕಿವಿಯ ಪಕ್ಕ ನಾಲ್ಕು ಬಿಳಿಕೂದಲು, ಮೂರನೇ ಬೆಂಚಿನಲ್ಲಿ ಗೋಡೆಗೆ ಒತ್ತಿಕೊಂಡು ಕೂತರೆ ಹತ್ತೊಂಬತ್ತರ ಮಕ್ಕಳು ಇನ್ನೇನೆಂದು ಕರೆದಾರು? ಆಂಟಿ ಎನ್ನಲಿಲ್ಲವಲ್ಲ, ಅಷ್ಟೇ ಪುಣ್ಯ. ಆದರೆ ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಅವಳು ಒಂದು ಗಳಿಗೆ ತಡೆದು ಆಮೇಲೆ ತಿರುಗುತ್ತಿದ್ದಳು. ಪಾಪ, ಕಿವಿ ಮಂದ ಎಂದುಕೊಂಡರು ಮಕ್ಕಳು.

ಕಿವಿಗೇನೂ ಆಗಿರಲಿಲ್ಲ. ಮನೆಯಲ್ಲಿ ಅವಳು ಪುಟ್ಟಿ. ಅಕ್ಕ ಅನ್ನುವವಳು ಬೇರೆ ಇದ್ದಳು, ಇಪ್ಪತ್ತೇಳು ವರ್ಷದಿಂದ ಇರಲಿಲ್ಲ. ಅಷ್ಟೂ ವರ್ಷ ಪುಟ್ಟಿ ಆ ಎರಡಕ್ಷರವನ್ನು ಬಾಯಿಂದ ಆಚೆಗೆ ಬಿಟ್ಟವಳಲ್ಲ. ತರಕಾರಿ ಮಾರುವವಳಿರಲಿ, ಬಸ್ಸಿನಲ್ಲಿ ಕಾಲು ತುಳಿದವಳಿರಲಿ, ತನಗಿಂತ ದೊಡ್ಡವರನ್ನೆಲ್ಲ ಅವಳು ಕರೆಯುತ್ತಿದ್ದುದು "ರೀ", "ಅಮ್ಮಾ", "ಮೇಡಂ". ಅಕ್ಕ ಎಂದರೆ ಯಾರು ಓ ಎನ್ನಬೇಕೋ ಅವಳು ಓ ಎನ್ನುವುದಿಲ್ಲ. ಸುಮ್ಮನೆ ಯಾಕೆ ಕರೆಯಬೇಕು?

ಬೆಳಗಿನ ಆರರಿಂದ ಮಧ್ಯಾಹ್ನ ಎರಡರವರೆಗೆ ಪುಟ್ಟಿ ದೊಡ್ಡಾಸ್ಪತ್ರೆಯ ನೆಲಮಾಳಿಗೆಯಲ್ಲಿರುವ ಬಟ್ಟೆ ಒಗೆಯುವ ವಿಭಾಗದಲ್ಲಿರುತ್ತಾಳೆ. ಅಲ್ಲಿ ಮನುಷ್ಯರ ಎತ್ತರದ ಆರು ಯಂತ್ರಗಳು ಗುಡುಗುಡು ಎನ್ನುತ್ತಲೇ ಇರುತ್ತವೆ. ಒಗೆದ ಹೊದಿಕೆ, ಹಾಸಿಗೆ ಬಟ್ಟೆಗಳು ಬಿಸಿ ಉರುಳೆಯ ನಡುವೆ ಹಾದು ಬಂದ ಕೂಡಲೇ ಇಬ್ಬರು ಎರಡು ಕೊನೆ ಹಿಡಿದು ಮಡಿಸಬೇಕು. ಅಂಚಿಗೆ ಅಂಚು ಕೂಡಿಸಿ, ಎರಡು ಹೆಜ್ಜೆ ಮುಂದೆ ಬಂದು, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಕೊಟ್ಟು, ಬಗ್ಗಿ ಕೆಳಗಿನ ಮಡಿಕೆ ಹಿಡಿದು ಮತ್ತೆ ಹಿಂದಕ್ಕೆ. ಇಬ್ಬರಲ್ಲಿ ಒಬ್ಬರು ಸ್ವಲ್ಪ ವಾರೆ ಹಿಡಿದರೂ ಬಟ್ಟೆ ಸೊಟ್ಟ. ಪುಟ್ಟಿಯ ಮಡಿಕೆ ನೋಡಿ ವಾರ್ಡಿನ ನರ್ಸುಗಳು ಇದು ಯಾರದು ಎಂದು ಹೇಳಬಲ್ಲರು. ಅವಳು ಅದನ್ನು ಕಲಿತದ್ದು ಆಸ್ಪತ್ರೆಯಲ್ಲಲ್ಲ, ಎಂಟನೇ ವಯಸ್ಸಿನಲ್ಲಿ, ಮನೆಯ ಹಿಂದಿನ ಅಂಗಳದಲ್ಲಿ.

ಅಮ್ಮ ಆಗ ಒಂದು ವಸತಿಗೃಹದ ಬಟ್ಟೆ ಒಗೆದುಕೊಡುತ್ತಿದ್ದಳು. ಒಗೆಯುವುದು ಅಮ್ಮ, ಮಡಿಸುವುದು ಇಬ್ಬರು ಹೆಣ್ಣುಮಕ್ಕಳು. ಅಣ್ಣ ಗಂಡುಮಗನಾದ್ದರಿಂದ ಮೇಲ್ವಿಚಾರಣೆ. ಬಟ್ಟೆಯ ಎರಡು ಕೊನೆ ಹಿಡಿದು ಅಕ್ಕತಂಗಿ ಹತ್ತಿರ ಬಂದಾಗ ಅಕ್ಕ ಮೂಗಿನಿಂದ ಪುಟ್ಟಿಯ ಮೂಗನ್ನು ತಾಗಿಸುತ್ತಿದ್ದಳು. ನಕ್ಕರೆ ಸೋತಂತೆ, ಬಿಚ್ಚಿ ಮತ್ತೆ ಮಡಿಸಬೇಕು. ಪುಟ್ಟಿ ದಿನಕ್ಕೆ ಹತ್ತು ಸಲ ಸೋಲುತ್ತಿದ್ದಳು. ಹದಿನೆಂಟು ವರ್ಷ ತುಂಬಿ ಕಾಲೇಜಿಗೆ ಸೇರಿದ ಮೇಲೂ ಸೋಲುತ್ತಿದ್ದಳು.

ಕಾಲೇಜಿಗೆ ಸೇರಿದ ಮೂರನೇ ವಾರ ಅಕ್ಕ ಹೋದಳು. ವಸತಿಗೃಹದ ಲಿಫ್ಟ್ ರಿಪೇರಿಗೆ ಬರುತ್ತಿದ್ದವನ ಜೊತೆ ಮದುವೆ ಎಂದು ಒಂದು ತಿಂಗಳಿನಿಂದ ಮನೆಯಲ್ಲಿ ಕೇಳಿ, ಬೈಸಿಕೊಂಡು, ಬಾಯಿ ಮುಚ್ಚಿಕೊಂಡಿದ್ದವಳು ಒಂದು ಬೆಳಿಗ್ಗೆ ಬಟ್ಟೆ ಕೊಟ್ಟು ಬರುತ್ತೇನೆಂದು ಹೊರಟು ಹಿಂದಿರುಗಲಿಲ್ಲ. ಅದಕ್ಕೆ ಸ್ವಲ್ಪ ಮುಂಚೆ ಇಬ್ಬರೂ ಮಡಿಸಿದ್ದರು. ಅಕ್ಕ ಮೂಗು ತಾಗಿಸಿದ್ದಳು, ಪುಟ್ಟಿ ನಕ್ಕಿದ್ದಳು. ಅಕ್ಕ ಒಂದು ಮಾತು ಹೇಳಲಿಲ್ಲ. ಹೇಳಬಹುದಿತ್ತಲ್ಲ, ನನಗೊಬ್ಬಳಿಗಾದರೂ, ಎಂದು ಪುಟ್ಟಿಗೆ ಇಂದಿಗೂ ಸಿಟ್ಟು.

ಅಪ್ಪ ಆ ದಿನ ಕೂಗಾಡಲಿಲ್ಲ. ಊಟಕ್ಕೆ ಕೂತು, "ಇವತ್ತಿಂದ ನನಗೆ ಇಬ್ಬರೇ ಮಕ್ಕಳು" ಎಂದ, ಅಷ್ಟೇ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮರುದಿನದಿಂದ ಅಕ್ಕನ ತಟ್ಟೆ ಅಟ್ಟ ಸೇರಿತು. ಹೊರಗೆ ಕಳಿಸಿದ್ದಕ್ಕೇ ಒಬ್ಬಳು ಹೋದಳು, ಇನ್ನೊಬ್ಬಳು ಮನೆಯಲ್ಲಿರಲಿ ಎಂದು ಪುಟ್ಟಿಯ ಕಾಲೇಜನ್ನೂ ಬಿಡಿಸಿದರು. ಅವಳ ಚೀಲದಲ್ಲಿ ಅಕ್ಕ ಕೊಡಿಸಿದ್ದ ಸಮಾಜಶಾಸ್ತ್ರದ ಪುಸ್ತಕವೊಂದಿತ್ತು. ಮೊದಲ ಅಧ್ಯಾಯ ಮುಗಿದಿತ್ತು. ಎರಡನೆಯದು ಕುಟುಂಬದ ಬಗ್ಗೆ. ಬಂದ ಎರಡು ಮೂರು ಸಂಬಂಧಗಳು ದೊಡ್ಡವಳ ಸುದ್ದಿ ಕೇಳಿ ಹಿಂದೆ ಸರಿದವು. ಅಣ್ಣ ಮದುವೆಯಾಗಿ ಬೇರೆ ಬೀದಿಯಲ್ಲಿ ಮನೆ ಮಾಡಿದ. ಅಪ್ಪ ಹೋಗಿ ಒಂಬತ್ತು ವರ್ಷವಾಯಿತು. ಮನೆಯಲ್ಲಿ ಈಗ ಉಳಿದವರು ಅಮ್ಮ ಮತ್ತು ಪುಟ್ಟಿ, ಮತ್ತೆ ಅಪ್ಪನ ಆ ಮಾತು. ಯಾರಾದರೂ ಎಷ್ಟು ಮಕ್ಕಳಮ್ಮ ನಿಮಗೆ ಎಂದರೆ ಅಮ್ಮ ಒಂದು ಸಲವೂ ತಡವರಿಸದೆ "ಇಬ್ಬರು" ಎನ್ನುತ್ತಿದ್ದಳು. ಪಕ್ಕದಲ್ಲಿ ಕೂತ ಪುಟ್ಟಿಗೆ ಪ್ರತಿಸಲವೂ ಅದು ನುಂಗಲಾರದ ತುತ್ತು.

ಕಾಲೇಜಿಗೆ ಮತ್ತೆ ಸೇರಿಸಿದ್ದು ಆಸ್ಪತ್ರೆಯಲ್ಲಿ ಬಟ್ಟೆಯ ಇನ್ನೊಂದು ಕೊನೆ ಹಿಡಿಯುವ ಹೆಂಗಸು. ಯಂತ್ರಗಳ ಸದ್ದನ್ನೂ ಮೀರಿಸುವ ಗಂಟಲು ಅವಳದು, ಎಲ್ಲರೂ ಗುಡುಗಮ್ಮ ಎನ್ನುವುದು. ಪುಟ್ಟಿ ಯಾವಾಗಲೋ ಬಾಯಿ ತಪ್ಪಿ ಎರಡನೇ ಅಧ್ಯಾಯದ ಕತೆ ಹೇಳಿದ್ದಳು. ಸಂಜೆ ಕಾಲೇಜಿನ ಪ್ರವೇಶದ ಜಾಹೀರಾತು ಬಂದ ದಿನ ಗುಡುಗಮ್ಮ ಅದನ್ನು ಹರಿದು ತಂದು ಮಡಿಸಿದ ಬಟ್ಟೆಯ ಮೇಲೆ ಬಡಿದಳು.

"ಹೋಗಿ ಸೇರ್ಕೋ. ಏನು, ಸತ್ತಮೇಲೆ ಓದ್ತೀಯಾ? ಅಲ್ಲಿ ಕರೆಂಟು ಇರುತ್ತೋ ಇಲ್ವೋ!"

ಸೇರಿದಳು. ಮೊದಮೊದಲು ಪಾಠ ಕೇಳಿ ಅವಳಿಗೆ ನಗು ಬರುತ್ತಿತ್ತು. ಒಬ್ಬರೇ ವ್ಯಕ್ತಿ ಕೆಲಸಗಾರ್ತಿಯೂ ಮಗಳೂ ವಿದ್ಯಾರ್ಥಿನಿಯೂ ಆಗಿದ್ದು, ಮೂರೂ ಕಡೆಯಿಂದ ಒಟ್ಟಿಗೆ ಕರೆ ಬಂದಾಗ ಆಗುವ ಎಳೆದಾಟಕ್ಕೆ ಪಾತ್ರ ಸಂಘರ್ಷ ಎನ್ನುತ್ತಾರಂತೆ. ಮರುದಿನ ಇದನ್ನು ಹೇಳಿದಾಗ ಗುಡುಗಮ್ಮ ಕೈಲಿದ್ದ ಬಟ್ಟೆ ಬಿಟ್ಟು ಸೊಂಟಕ್ಕೆ ಕೈಯಿಟ್ಟಳು. "ಅದಕ್ಕೂ ಒಂದು ಹೆಸರಿಟ್ಟಿದ್ದಾರಾ? ನಾನು ಇಷ್ಟು ವರ್ಷ ಅದನ್ನ ಸೋಮವಾರ ಅಂತಿದ್ದೆ!"

ನಗು ನಿಂತದ್ದು ಸಾಮಾಜಿಕ ನಿಯಮಗಳ ಪಾಠದ ದಿನ. ಪಾಠ ಹೇಳುವ ಮೇಡಂ ಪುಟ್ಟಿಗಿಂತ ಹತ್ತು ವರ್ಷಕ್ಕೆ ಚಿಕ್ಕವರು, ಸೀಮೆಸುಣ್ಣದ ಕೈಯಿಂದಲೇ ಕನ್ನಡಕ ಸರಿಮಾಡಿಕೊಂಡು ಕನ್ನಡಕವೆಲ್ಲ ಬಿಳಿ ಮಾಡಿಕೊಳ್ಳುವವರು. ಅವರು ಹೇಳಿದರು: ನಿಯಮ ಮಾಡಿದವನು ಹೋದ ಮೇಲೂ ನಿಯಮ ಉಳಿಯುತ್ತದೆ, ಯಾಕೆಂದರೆ ಉಳಿದವರಲ್ಲಿ ಪ್ರತಿಯೊಬ್ಬರೂ ಇನ್ನೊಬ್ಬರಿಗೆ ಅದು ಬೇಕಾಗಿದೆ ಎಂದುಕೊಂಡಿರುತ್ತಾರೆ. ಎಲ್ಲರೂ ಬರೆದುಕೊಂಡರು. ಪುಟ್ಟಿಯ ಪೆನ್ನು ಮಾತ್ರ ಆಡಲಿಲ್ಲ. ಹಿಂದಿನ ಬೆಂಚಿನ ಹುಡುಗಿ, "ಅಕ್ಕ, ಕೊನೇ ಸಾಲು ಏನಂದ್ರು?" ಎಂದಾಗ ಅವಳು ತನ್ನ ಖಾಲಿ ಪುಟ ತೋರಿಸಿದಳು.

ವರ್ಷದ ಕೊನೆಗೆ ಕ್ಷೇತ್ರಕಾರ್ಯ ಬಂತು. ಒಬ್ಬೊಬ್ಬರೂ ಹತ್ತು ಮನೆಗೆ ಹೋಗಿ ನಾಲ್ಕು ಪುಟದ ಪ್ರಶ್ನಾವಳಿ ತುಂಬಿಕೊಂಡು ಬರಬೇಕು. ಬೇಕಿದ್ದರೆ ಹತ್ತರಲ್ಲಿ ಒಂದು ಸ್ವಂತ ಮನೆ ಆಗಬಹುದು. ಮೇಡಂ ಬೆರಳು ಮಡಿಸುತ್ತಾ ಎಚ್ಚರಿಕೆ ಹೇಳಿದರು. ಮೊದಲನೇ ಪುಟದಲ್ಲಿರೋದನ್ನ ಓದಿ ಹೇಳಿ ಸಹಿ ತಗೊಳ್ಳಿ, ಆಮೇಲೇ ಪ್ರಶ್ನೆ. ನೀವು ಉತ್ತರ ಸೂಚಿಸಬೇಡಿ, ತಿದ್ದಬೇಡಿ. ಅವರು ಏನು ಹೇಳ್ತಾರೋ ಅದನ್ನೇ ಬರೀರಿ. ಆರು ತಿಂಗಳಿಗಿಂತ ಹೆಚ್ಚು ಮನೆಯಿಂದ ಹೊರಗಿರೋರನ್ನ ಮನೆಯ ಸದಸ್ಯರು ಅಂತ ಲೆಕ್ಕಕ್ಕೆ ತಗೋಬೇಡಿ.

ಪುಟ್ಟಿ ಬೀದಿಯ ಒಂಬತ್ತು ಮನೆ ಎರಡು ವಾರದಲ್ಲಿ ಮುಗಿಸಿದಳು. ಬಾಗಿಲಲ್ಲಿ ನಿಂತು ಮೊದಲ ಪುಟವನ್ನು ಗಿಣಿಪಾಠದಂತೆ ಒಪ್ಪಿಸಿ, ಸಹಿ ಹಾಕಿಸಿಕೊಂಡು, ಒಳಗೆ ಹೋಗಿ ಕೇಳುವುದು. ಹತ್ತನೆಯ ಪ್ರಶ್ನಾವಳಿ ಚೀಲದಲ್ಲೇ ಉಳಿಯಿತು. ನಾಲ್ಕನೇ ಪ್ರಶ್ನೆ ಅವಳಿಗೆ ಬಾಯಿಪಾಠವಾಗಿತ್ತು: ನಿಮಗೆ ಎಷ್ಟು ಜನ ಮಕ್ಕಳು? ಅದನ್ನು ಅಮ್ಮನಿಗೆ ಕೇಳಬೇಕು. ಇಪ್ಪತ್ತೇಳು ವರ್ಷದಲ್ಲಿ ಮಗಳಾಗಿ ಕೇಳಲಾಗದ್ದನ್ನು ವಿದ್ಯಾರ್ಥಿನಿಯಾಗಿ ಕೇಳಬಹುದು, ಕಾಗದವೇ ಕೇಳಿದಂತಾಗುತ್ತದೆ. ಅಮ್ಮ ಮತ್ತೆ ಇಬ್ಬರು ಎಂದರೆ? ಎಂದರೆ ಬರೆದುಕೊಳ್ಳಬೇಕು. ತಿದ್ದುವ ಹಾಗಿಲ್ಲ. ತನ್ನ ಕೈಯಾರೆ ಬರೆದ ಮೇಲೆ ಅಕ್ಕ ನಿಜವಾಗಿಯೂ ಇಲ್ಲವಾಗುತ್ತಾಳೆ ಎಂದು ಅವಳಿಗೆ ದಿಗಿಲು.

ಒಂದು ಭಾನುವಾರ ಮಧ್ಯಾಹ್ನ ಅಮ್ಮ ಕಿಟಕಿಯ ಬೆಳಕಿಗೆ ಕೂತು ಬೀನ್ಸ್ ಸೋಸುತ್ತಿದ್ದಳು. ಎಪ್ಪತ್ತಮೂರು ವರ್ಷ, ಕೈಬೆರಳು ಸೊಟ್ಟಗಾಗಿದ್ದರೂ ನಾರು ಬಿಡಿಸುವುದರಲ್ಲಿ ಸೋಲುವವಳಲ್ಲ. ಪುಟ್ಟಿ ಎದುರಿಗೆ ಕೂತು ಮೊದಲ ಪುಟ ತಿರುವಿ ಹಾಕಿದಳು. ಅಮ್ಮನಿಗೆ ಏನು ಪೀಠಿಕೆ? ಹೆತ್ತವಳ ಹತ್ತಿರ ಸಹಿ ಹಾಕಿಸಿಕೊಳ್ಳುವುದೆಂದರೆ ನಗೆಪಾಟಲು.

"ಅಮ್ಮ, ಕಾಲೇಜಿಂದ ಒಂದು ಫಾರ್ಮ್ ಕೊಟ್ಟಿದ್ದಾರೆ. ಕೆಲವು ಪ್ರಶ್ನೆ ಕೇಳ್ತೀನಿ."

"ಕಾಲೇಜಿನವರು ಕೇಳಿದಾರಾ? ಕೇಳು ಕೇಳು."

ಒಂದು, ಎರಡು, ಮೂರು. ವಯಸ್ಸು, ಓದು ಇಲ್ಲ, ಕೆಲಸ ಬಟ್ಟೆ ಒಗೆಯುವುದು, ಈಗ ಬಿಟ್ಟಿದೆ. ನಾಲ್ಕಕ್ಕೆ ಬಂದಾಗ ಪುಟ್ಟಿ ತಲೆಯೆತ್ತಲಿಲ್ಲ.

"ನಿಮಗೆ ಎಷ್ಟು ಜನ ಮಕ್ಕಳು?" ಕಾಗದದಲ್ಲಿದ್ದಂತೆ ನಿಮಗೆ ಎಂದೇ ಓದಿದಳು.

ಬೀನ್ಸ್ ಮುರಿಯುವ ಚಟ್ ಚಟ್ ಸದ್ದು ನಿಂತಿತು. ಪುಟ್ಟಿಗೆ ಬಾಯಿಗೆ ಬಂದಿತ್ತು: ಹೇಳಮ್ಮ, ಅಪ್ಪ ಇಲ್ಲ ಈಗ, ಹೇಳು. ಸೂಚಿಸಬಾರದು. ಹಲ್ಲು ಕಚ್ಚಿ ಕೂತಳು.

"ಕಾಲೇಜಿನವರೇ ಕೇಳ್ತಿರೋದಾ?" ಅಮ್ಮ ಮತ್ತೆ ಕೇಳಿದಳು.

"ಹೂಂ."

"ಮೂರು," ಎಂದಳು ಅಮ್ಮ.

ಮೂರು ಎನ್ನುವ ಅಂಕಿ ಸೊಟ್ಟಗೆ ಬಿತ್ತು. ಅಷ್ಟಕ್ಕೇ ನಿಲ್ಲಲಿಲ್ಲ ಅಮ್ಮ. ಕಟ್ಟೆ ಒಡೆದ ನೀರನ್ನು ಯಾರು ಹಿಡಿಯುತ್ತಾರೆ? ದೊಡ್ಡವಳಿಗೆ ಬರುವ ತಿಂಗಳು ಹನ್ನೊಂದಕ್ಕೆ ಐವತ್ತು ತುಂಬುತ್ತದೆ. ಎಡ ಮೊಣಕೈ ಹತ್ತಿರ ಸುಟ್ಟ ಕಲೆ, ಇಸ್ತ್ರಿ ತಾಗಿದ್ದು. ಅವನದು ಲಿಫ್ಟ್ ರಿಪೇರಿ, ಕೈಗೆ ಯಾವಾಗಲೂ ಗ್ರೀಸು, ಆದರೆ ಒಳಗೆ ಬರೋವಾಗ ಒರೆಸಿಕೊಂಡೇ ಬರ್ತಿದ್ದ, ಕೆಟ್ಟವನಲ್ಲ. ಅವನ ಸೋದರಮಾವಂದು ರೈಲು ನಿಲ್ದಾಣದ ಹಿಂದೆ ಬೀಗ ರಿಪೇರಿ ಅಂಗಡಿ. ಇದೆಲ್ಲ ಅಮ್ಮನಿಗೆ ಗೊತ್ತಿತ್ತು! ಪುಟ್ಟಿಗೆ ಅದರ ಅರ್ಧವೂ ಗೊತ್ತಿರಲಿಲ್ಲ. ಜಾಗ ಸಾಲದೆ ಅಂಚಿನಲ್ಲೆಲ್ಲ ಬರೆದಳು.

"ಈಗ ಎಲ್ಲಿದ್ದಾರೆ?" ಎಂಬ ಕೊನೆಯ ಪ್ರಶ್ನೆಗೆ ಅಮ್ಮ, "ಹೊರಗೆ ಹೋಗಿದ್ದಾಳೆ. ಬರ್ತಾಳೆ ಅಂತ ಬರ್ಕೋ" ಎಂದಳು.

ಬರೆದುಕೊಂಡಳು. ಆ ದಿನ ಅಷ್ಟೇ. ಇಬ್ಬರೂ ಅಳಲಿಲ್ಲ, ಅಮ್ಮ ಮತ್ತೆ ಬೀನ್ಸ್ ಹಿಡಿದಳು. ಪುಟ್ಟಿ ಮಾತ್ರ ಸೋಮವಾರ ಆಸ್ಪತ್ರೆಯಲ್ಲಿ ಬಟ್ಟೆ ಮಡಿಸುವಾಗ ತನಗೆ ತಾನೇ ನಗುತ್ತಿದ್ದಳು. ಗುಡುಗಮ್ಮ, "ಏನು, ಮೇಷ್ಟ್ರ ಮೇಲೆ ಮನಸ್ಸಾ?" ಎಂದಾಗ "ನಮ್ಮಲ್ಲಿರೋದು ಮೇಡಂ" ಎಂದು ಇನ್ನಷ್ಟು ನಕ್ಕಳು.

ಆ ವಾರ ಅಮ್ಮ ಬದಲಾದಳು. ಅಟ್ಟದಲ್ಲಿದ್ದ ತಟ್ಟೆಯನ್ನು ಅಣ್ಣನ ಕೈಲಿ ಇಳಿಸಿ, ಹುಣಸೆಹಣ್ಣು ಹಾಕಿ ತಿಕ್ಕಿದಳು. ಅಣ್ಣ "ಇದೆಲ್ಲ ಯಾಕೀಗ?" ಎಂದರೆ "ನಿನಗೇನು, ಇಳಿಸು" ಎಂದಳಂತೆ. ಎರಡನೇ ಹಾಸಿಗೆಯನ್ನು ಬಿಸಿಲಿಗೆ ಹಾಕಿದಳು. ಸಂಜೆ ಆದರೆ ಬಾಗಿಲಿನ ಅಗಳಿ ಹಾಕುವುದನ್ನೇ ಬಿಟ್ಟಳು. ಪುಟ್ಟಿ ಇದನ್ನೆಲ್ಲ ನೋಡಿ, ಮನಸ್ಸಿನ ಭಾರ ಇಳಿದಿದೆ, ಅದಕ್ಕೇ ಮೈಯಲ್ಲಿ ಹುರುಪು ಎಂದುಕೊಂಡಳು. ಓದಿದವರ ಬುದ್ಧಿ ಇಷ್ಟೇ ನೋಡಿ.

ಶನಿವಾರ ಮಾತ್ರ ತರಗತಿ ಮಧ್ಯಾಹ್ನವೇ. ಅದಾದ ಮೂರನೇ ಶನಿವಾರ ಮೇಡಂ ಪ್ರಶ್ನಾವಳಿಗಳನ್ನು ಹಿಂದಿರುಗಿಸಿದರು. ಹತ್ತನೆಯದರ ಮೇಲೆ ಕೆಂಪು ಗೆರೆ. ತರಗತಿ ಮುಗಿದ ಮೇಲೆ ಪುಟ್ಟಿಯನ್ನು ನಿಲ್ಲಿಸಿಕೊಂಡರು.

"ಇಪ್ಪತ್ತೇಳು ವರ್ಷದಿಂದ ಹೊರಗಿರೋರು ಮನೆಯ ಸದಸ್ಯರು ಹೇಗಾಗ್ತಾರೆ? ಆರು ತಿಂಗಳು ಅಂತ ಹೇಳಿದ್ದೆ."

"ಅವರು ಹೇಳಿದ್ದನ್ನೇ ಬರೀಬೇಕು ಅಂತಾನೂ ಹೇಳಿದ್ರಿ, ಮೇಡಂ."

ಮೇಡಂ ಕನ್ನಡಕ ತೆಗೆದು ಒರೆಸಿದರು, ಅದು ಇನ್ನಷ್ಟು ಬಿಳಿಯಾಯಿತು. ಅಂಚಿನಲ್ಲಿ ಬರೆದದ್ದನ್ನೆಲ್ಲ ಮತ್ತೊಮ್ಮೆ ನಿಧಾನವಾಗಿ ಓದಿದರು. ಕೆಂಪು ಗೆರೆಯ ಪಕ್ಕ ಸರಿ ಎಂದು ಗುರುತು ಹಾಕಿದರು.

"ಇದು ಇರಲಿ. ಆದ್ರೆ ಮೊದಲನೇ ಪುಟದಲ್ಲಿ ಸಹಿ ಇಲ್ಲ?"

"ಅಮ್ಮ ಅಲ್ವಾ ಮೇಡಂ. ಓದಿ ಹೇಳಲಿಲ್ಲ."

"ಅಮ್ಮ ಅಂದ್ರೆ ಎಲ್ಲರಿಗಿಂತ ಮೊದಲು ಓದಿ ಹೇಳಬೇಕು," ಎಂದರು ಮೇಡಂ. "ಬೇರೆಯವರು ಬಾಗಿಲು ಹಾಕ್ಕೊಂಡು ಮರೀತಾರೆ. ಅಮ್ಮ ಮರೆಯೋದಿಲ್ಲ."

ಪುಟ್ಟಿ ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಬಾಗಿಲು ತೆರೆದಿತ್ತು. ಅಮ್ಮ ತಲೆ ಬಾಚಿಕೊಂಡು, ಒಳ್ಳೆಯ ಸೀರೆ ಉಟ್ಟು ಹೊಸ್ತಿಲ ಹತ್ತಿರ ಕೂತಿದ್ದಳು. ಮಗಳ ಕೈಯಲ್ಲಿದ್ದ ಕಾಗದ ನೋಡಿ ಎದ್ದು ನಿಂತಳು.

"ಬಂತಾ ಫಾರ್ಮ್? ಏನಂದ್ರು? ಸೇರಿಸಿಕೊಂಡ್ರಾ ಅವಳನ್ನ?"

"ಸೇರಿಸಿಕೊಂಡ್ರು, ಅಮ್ಮ."

"ಹಾಗಾದ್ರೆ ಹುಡುಕೋಕೆ ಇನ್ನೆಷ್ಟು ದಿನ ತಗೋತಾರಂತೆ? ಹನ್ನೊಂದರ ಒಳಗೆ ಸಿಕ್ತಾಳಾ?"

ಪುಟ್ಟಿಗೆ ತಟ್ಟೆ, ಹಾಸಿಗೆ, ಅಗಳಿ ಹಾಕದ ಬಾಗಿಲು ಎಲ್ಲವೂ ಒಮ್ಮೆಲೇ ಅರ್ಥವಾಯಿತು. ಕಾಲೇಜಿನವರು ಇಷ್ಟೆಲ್ಲ ವಿಚಾರಿಸಿ ಬರೆದುಕೊಂಡಿದ್ದಾರೆ ಎಂದರೆ ಹುಡುಕಿಕೊಡಲಿಕ್ಕಲ್ಲದೆ ಮತ್ತೇಕೆ? ಅದಕ್ಕೆಂದೇ ಅಮ್ಮ ಮೊಣಕೈಯ ಕಲೆಯನ್ನೂ ಬಿಡದೆ ಹೇಳಿದ್ದಳು, ಗುರುತು ಹಿಡಿಯಲಿ ಎಂದು. ಅದಕ್ಕೆಂದೇ ಇಪ್ಪತ್ತೇಳು ವರ್ಷದ ನಿಯಮ ಮುರಿದಿದ್ದಳು. ಒಂಬತ್ತು ಮನೆಯಲ್ಲಿ ಗಿಣಿಯಂತೆ ಓದಿದ ಆ ಪುಟವನ್ನು ಇದೊಂದು ಮನೆಯಲ್ಲಿ ಓದಲು ನಾಚಿಕೆಪಟ್ಟಿದ್ದಕ್ಕೆ ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳಬೇಕು ಎನಿಸಿತು ಅವಳಿಗೆ.

ಇನ್ನೂ ಎರಡು ದಿನ ಹೇಳದೆ ಇರಬಹುದಿತ್ತು. ಎರಡು ದಿನ ಅಮ್ಮ ಒಳ್ಳೆಯ ಸೀರೆ ಉಟ್ಟು ಕೂರುತ್ತಿದ್ದಳು. ಪುಟ್ಟಿ ಅಮ್ಮನನ್ನು ಕೂರಿಸಿ, ಪಕ್ಕದಲ್ಲಿ ಕೂತು, ಮೊದಲ ಪುಟ ತೆರೆದು ಓದಿದಳು.

"'ಈ ಮಾಹಿತಿಯನ್ನು ವಿದ್ಯಾರ್ಥಿಗಳ ಅಧ್ಯಯನಕ್ಕೆ ಮಾತ್ರ ಬಳಸಲಾಗುವುದು. ಉತ್ತರ ನೀಡುವುದರಿಂದ ನಿಮಗೆ ಯಾವುದೇ ನೆರವು ಅಥವಾ ಪ್ರಯೋಜನ ದೊರೆಯುವುದಿಲ್ಲ. ನೀವು ಬಯಸಿದರೆ ನಿಮ್ಮ ಉತ್ತರಗಳನ್ನು ಹಿಂತೆಗೆದುಕೊಳ್ಳಬಹುದು.' ಇದನ್ನ ಅವತ್ತೇ ಓದಬೇಕಿತ್ತು ಅಮ್ಮ. ಓದಲಿಲ್ಲ. ನಂದೇ ತಪ್ಪು."

ಅಮ್ಮ ಸೀರೆಯ ನೆರಿಗೆಯನ್ನು ಬೆರಳಿನಿಂದ ಒತ್ತಿ ಒತ್ತಿ ಸರಿಮಾಡಿದಳು.

"ಯಾರೂ ಹುಡುಕೋದಿಲ್ವಾ?"

"ಇಲ್ಲ."

"ಮತ್ತೆ ಅಷ್ಟೆಲ್ಲಾ ಯಾಕೆ ಕೇಳಿದೆ?"

"ನೀನು ಮೂರು ಅನ್ನೋದನ್ನ ಕೇಳಬೇಕಿತ್ತು ನನಗೆ." ಪುಟ್ಟಿ ಕಾಗದವನ್ನು ನೆಲಕ್ಕಿಟ್ಟಳು. "ನನಗೆ ಅಕ್ಕ ಬೇಕು, ಅಮ್ಮ."

ಆ ಎರಡಕ್ಷರ ಹೊರಗೆ ಬಿದ್ದದ್ದು ಅವಳಿಗೇ ತಿಳಿಯಲಿಲ್ಲ. ಅಮ್ಮನಿಗೆ ತಿಳಿಯಿತು. ಮಗಳ ಮುಖವನ್ನು ಹೊಸಬಳನ್ನು ನೋಡುವಂತೆ ನೋಡಿದಳು.

"ಇಷ್ಟು ವರ್ಷ ನೀನು ಒಂದ್ಸಲವೂ ಅವಳ ಮಾತು ಎತ್ತಲಿಲ್ಲ. ಅವಳಿಂದ ನಿನ್ನ ಓದು ಹೋಯ್ತು, ಮದುವೆ ಹೋಯ್ತು, ನಿನಗೆ ಅವಳ ಮುಖ ಬೇಡ ಅಂದ್ಕೊಂಡೆ. ನಿನ್ನ ಎದುರಿಗೆ ಹೇಗೆ ಮೂರು ಅನ್ನಲಿ? ನಿನಗೋಸ್ಕರ ಇಬ್ಬರು ಅಂತಿದ್ದೆ ಕಣೇ."

"ನಾನು ನಿನಗೋಸ್ಕರ ಸುಮ್ಮನಿದ್ದೆ."

ಇಬ್ಬರೂ ಅತ್ತರು. ಅಡುಗೆಮನೆಯಲ್ಲಿ ತಿಕ್ಕಿ ಬೋರಲು ಹಾಕಿದ್ದ ಮೂರನೇ ತಟ್ಟೆ ಅಲ್ಲಿಂದಲೇ ಕಾಣುತ್ತಿತ್ತು. ಅಪ್ಪ ಬದುಕಿದ್ದಾಗ ಅಪ್ಪನ ಹೆದರಿಕೆ ಸರಿ. ಅವನು ಹೋದ ಮೇಲೂ ಒಂಬತ್ತು ವರ್ಷ ಒಂದೇ ಸೂರಿನ ಕೆಳಗೆ ಇಬ್ಬರು ಹೆಂಗಸರು ಒಬ್ಬರ ಮೇಲಿನ ಕರುಣೆಗೆ ಇನ್ನೊಬ್ಬರು ಬಾಯಿಗೆ ಬೀಗ ಹಾಕಿಕೊಂಡಿದ್ದರಲ್ಲ, ಇದಕ್ಕೆ ಏನೆನ್ನುವುದು?

ಪುಟ್ಟಿ ಮೂಗು ಒರೆಸಿಕೊಂಡು, "ಉತ್ತರ ವಾಪಸ್ ತಗೊಳ್ಳಬಹುದು ಅಂತಿದೆ. ತೆಗೆಸಿಬಿಡ್ಲಾ?" ಎಂದಳು.

"ಯಾಕೆ ತೆಗೆಸ್ತೀಯ? ಹೆತ್ತಿಲ್ವಾ ನಾನು?" ಅಮ್ಮ ಸೆರಗಿನಿಂದ ಕಣ್ಣೊತ್ತಿಕೊಂಡು ಕಾಗದವನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು. ಓದಲು ಬಾರದಿದ್ದರೂ ನಾಲ್ಕೂ ಪುಟ ತಿರುವಿ ನೋಡಿ ಮತ್ತೆ ಮಗಳ ಕೈಗೆ ಕೊಟ್ಟಳು.

"ಕಾಲೇಜಿನವರು ಹುಡುಕೋದಿಲ್ಲ, ಸರಿ. ನಾವೂ ಹುಡುಕಬಾರದು ಅಂತ ಎಲ್ಲಾದ್ರೂ ಬರೆದಿದೆಯಾ ಇದರಲ್ಲಿ?"

ಪುಟ್ಟಿ ಒಂದೊಂದೇ ಪುಟ ತೆಗೆದು ನೋಡಿದಳು. ನೋಡಬೇಕಾಗಿರಲಿಲ್ಲ, ಆದರೂ ಅಮ್ಮ ಕೇಳಿದ್ದರಿಂದ ಕೊನೆಯ ಸಾಲಿನವರೆಗೂ ನೋಡಿದಳು.

"ಎಲ್ಲೂ ಬರೆದಿಲ್ಲ."

"ಮತ್ತೆ ಏಳು," ಎಂದಳು ಅಮ್ಮ, ಗೋಡೆ ಹಿಡಿದು ಎದ್ದು ಚಪ್ಪಲಿ ಹುಡುಕುತ್ತಾ. "ರೈಲು ನಿಲ್ದಾಣದ ಹಿಂದಿನ ಆ ಬೀಗದಂಗಡಿ ಆರಕ್ಕೆ ಮುಚ್ಚುತ್ತೆ."